ಭೋರಿನ ದೋಣಿ

ಮಗಳು ಸ್ಟಾಕ್‌ಹೋಮಿನಿಂದ ಬರೆದಿದ್ದಳು: “ಸಂಜೆ ಇಲ್ಲಿ ಹಡಗು ಹತ್ತಿ ಬೆಳಗ್ಗೆ ಹೆಲ್ಸಿಂಕಿಯಲ್ಲಿ ಇಳಿದೆವು, ಒಂದೇ ರಾತ್ರಿಯಲ್ಲಿ ಎರಡು ರಾಜಧಾನಿ!” ನಮಗೂ ಹುರುಪು ಬಂದಿತು. ಪುಣೆಯಿಂದ ಬಸ್ಸು ಹಿಡಿದು ಭೋರಿಗೆ ಹೊರಟೆವು. ಅದೂ 1948ರವರೆಗೆ ಪಂತ ಸಚಿವರ ಸಂಸ್ಥಾನದ ರಾಜಧಾನಿಯೇ ಅಲ್ಲವೇ!

ರಾಜವಾಡೆ ನೋಡಿಕೊಂಡು, ಸಮೀಪದ ಭಾಟಘರ ಜಲಾಶಯದಲ್ಲಿ ಹಳ್ಳಿಗರ ದೋಣಿ ಹತ್ತಿದೆವು. ನಡುನೀರಿನಲ್ಲಿ ಅಂಬಿಗನು ಹುಟ್ಟು ನಿಲ್ಲಿಸಿ ಕೈಮುಗಿದನು. “ಆಜೀ, ಕೆಳಗೆ ಕಾಂಬರೇಶ್ವರನ ಗುಡಿಯಿದೆ. ಬೇಸಿಗೆಯಲ್ಲಿ ನೀರಿಳಿದರೆ ದರ್ಶನ. ನಮ್ಮಜ್ಜನ ಹೊಲವೂ ಕೆಳಗೇ ಇದೆ” ಎಂದು ಮರಾಠಿಯಲ್ಲಿ ಹೇಳಿದನು.

1920ರ ದಶಕದಲ್ಲಿ ಮುಗಿದ ಈ ಅಣೆಕಟ್ಟಿನ ನೀರೇ ನೀರಾ ಕಾಲುವೆಗಳಿಗಿಳಿದು ಬಾರಾಮತಿ, ಫಲಟಣಗಳ ಕಬ್ಬಿಗೆ ಉಣಿಸುತ್ತದೆ. ದಡದಲ್ಲಿ ಕುಡಿದ ಚಹ ಅಂದು ಬರಿದೇ ಸಿಹಿಯಾಗಿರಲಿಲ್ಲ. ಮಗಳಿಗೆ ಅದನ್ನೇ ಬರೆದೆವು.