ಬೆಳಕೇ ಊಟ, ಗೊಬ್ಬರ ಬರೀ ಉಪ್ಪು

ತುಮಕೂರಿನ ನಮ್ಮ ಬಾಡಿಗೆ ಮನೆಗೆ ಬಿಸಿಲೇ ಬೀಳಲ್ಲ. ಕುಣಿಗಲ್ ತೋಟ ಮಾರಿ ಬಂದ ಅಮ್ಮನಿಗೆ ಕೈ ಸುಮ್ಮನಿರಲ್ಲ. ಅವಳು ಕುಂಡದಲ್ಲಿ ಬಿತ್ತಿದ ಮೆಂತ್ಯ ಬೆಳಕು ಹುಡುಕುತ್ತಾ ಸೊರಗ್ತಿತ್ತು.

ಎಲೆ ಹೆಚ್ಚಾಗಿ ಹೀರೋ ಕೆಂಪು, ನೀಲಿ ಎರಡೂ ಬಿಳಿ ಎಲ್‌ಇಡಿಯಲ್ಲೇ ಇವೆ. ಅಲ್ಯೂಮಿನಿಯಂ ಪಟ್ಟಿಗೆ ಎಲ್‌ಇಡಿ ಸ್ಟ್ರಿಪ್ ಅಂಟಿಸಿ, 12 ವೋಲ್ಟ್ ಅಡಾಪ್ಟರ್ ಕೊಟ್ಟು, ಗಿಡದಿಂದ ಒಂದು ಗೇಣು ಮೇಲೆ ತೂಗುಹಾಕಿದೆ. ದಿನಕ್ಕೆ 14 ಗಂಟೆ.

ಗೊಬ್ಬರ ಅಮ್ಮನ ಇಲಾಖೆ. ಪಾಳೇಕರರ ಜೀವಾಮೃತ ಎಕರೆಗೆ 200 ಲೀಟರ್. ನಮಗೆ 10 ಸಾಕು. ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, ಅಷ್ಟೇ ಹುರುಳಿ ಹಿಟ್ಟು, ಗುಬ್ಬಿ ಮಾವನ ಹೊಲದ ಒಂದು ಹಿಡಿ ಮಣ್ಣು. ನೆರಳಲ್ಲಿ ಎರಡು ದಿನ.

ಆದ್ರೆ ಗಿಡ ಅಡುಗೆ ಮಾಡ್ಕೊಳ್ಳೋದು ಬೆಳಕಲ್ಲೇ. ಕತ್ತಲಲ್ಲಿ ಎಷ್ಟು ಗೊಬ್ಬರ ಸುರಿದರೂ ಬರೀ ಉಪ್ಪು ಬಡಿಸಿದ ಹಾಗೆ...

"ಬಿಸಿಲಿಗೂ ಕರೆಂಟ್ ಬಿಲ್ಲಾ ಮಗಾ!" ಅಂತಾಳೆ ಅಮ್ಮ. ಆದ್ರೂ ಸ್ವಿಚ್ ಆರಿಸೋಕೆ ಬಿಡಲ್ಲ. ನಿಮ್ಮನೇಲಿ ಬಿಸಿಲು ಬರುತ್ತಾ?