ಮೇಣದಲ್ಲಿ ಬರೆದ ಬಟ್ಟೆ

ಮೋಸ ಹೋಗುವವರಲ್ಲಿ ಮೇಷ್ಟ್ರುಗಳದೇ ಒಂದು ಪ್ರತ್ಯೇಕ ಪಂಗಡ. ನಮಗೆಲ್ಲ ಗೊತ್ತು ಎಂಬ ಧೈರ್ಯದಿಂದಲೇ ನಾವು ಮೋಸ ಹೋಗುತ್ತೇವೆ. ಕಳೆದ ಬೇಸಿಗೆ ರಜೆಯಲ್ಲಿ ಜಕಾರ್ತದಲ್ಲಿರುವ ಹಿರಿಯ ಮಗಳ ಮನೆಗೆ ಹೋಗಿದ್ದ ನಾನೂ ನನ್ನಾಕೆಯೂ ಅವಳ ಜೊತೆ ನಾಲ್ಕು ದಿನದ ಮಟ್ಟಿಗೆ ಜಾವಾದ ಹಳೆಯ ರಾಜಧಾನಿ ಯೋಗ್ಯಕರ್ತಕ್ಕೆ ಹೊರಟೆವು. ಅಲ್ಲಿನ ಮಾಲಿಯೊಬೊರೊ ಬೀದಿಯಲ್ಲಿ ಹೇಳಿದ ಬೆಲೆಯ ಅರ್ಧಕ್ಕೆ ಒಂದು ಬಾಟಿಕ್ ಅಂಗಿ ಕೊಂಡು, ಗೆದ್ದವನ ಹಾಗೆ ಬೀಗಿದೆ.

ಮಾರನೆಯ ದಿನ ಅದೇ ಅಂಗಿ ತೊಟ್ಟು ಊರಿನ ದಕ್ಷಿಣಕ್ಕಿರುವ ಗಿರಿಲೋಯೊ ಎಂಬ ಹಳ್ಳಿಗೆ ಹೋದೆವು. ಮಾತರಾಮ್ ಅರಸರ ಸಮಾಧಿಗಳಿರುವ ಇಮೋಗಿರಿ ಗುಡ್ಡದ ಮಗ್ಗುಲ ಹಳ್ಳಿ ಅದು. ಹೆಂಗಸರು ಜಗಲಿಯಲ್ಲಿ ಮೇಣದ ಒಲೆಯ ಸುತ್ತ ಕೂತು ಬಟ್ಟೆ ಬರೆಯುತ್ತಿದ್ದರು. ಅರವತ್ತು ದಾಟಿದ ಒಬ್ಬರು - 'ಇಬು' ಎಂದು ಕರೆಯಬೇಕು, ನಮ್ಮ 'ಅಮ್ಮಾ' ಎಂದ ಹಾಗೆ - ನನ್ನ ಅಂಗಿಯ ಅಂಚನ್ನು ಮೆಲ್ಲಗೆ ಮಗುಚಿ ತೋರಿಸಿ ನಕ್ಕರು. ಒಳಮೈ ಬಿಳಿಚಿಕೊಂಡಿತ್ತು. ಮಷೀನಿನಲ್ಲಿ ಅಚ್ಚಾದ ಬಟ್ಟೆ! ಕೈಬರಹದ ಬಾಟಿಕ್‌ಗೆ ಹಿಂಬದಿಯಿಂದಲೂ ಮೇಣ ಬರೆಯುತ್ತಾರೆ. ಬಣ್ಣದಲ್ಲಿ ಅದ್ದಿ ತೆಗೆಯುವುದರಿಂದ ಎರಡೂ ಮೈ ಒಂದೇ ರೀತಿ ಇರುತ್ತದೆ.

ಮೇಣ ಹತ್ತಿದ ಕಡೆ ಬಣ್ಣ ಹತ್ತದು - ಇಡೀ ವಿದ್ಯೆಯ ಮೂಲಸೂತ್ರ ಇಷ್ಟೇ. ಎಂಟನೇ ತರಗತಿಯ ಹುಡುಗನಿಗೂ ಅರ್ಥವಾಗುತ್ತದೆ. ಆದರೆ ಇಬು ನನ್ನ ಕೈಗೆ 'ಚಾಂತಿಂಗ್' ಕೊಟ್ಟಾಗ ಸೂತ್ರವೆಲ್ಲ ಮರೆತುಹೋಯಿತು. ಹೆಬ್ಬೆರಳ ತುದಿಯಷ್ಟು ತಾಮ್ರದ ಬಟ್ಟಲು, ಅದಕ್ಕೊಂದು ಬಾಗಿದ ಸಪೂರ ಮೂತಿ, ಹಿಂದೊಂದು ಹಿಡಿಕೆ. ಬಾಣಲೆಯಲ್ಲಿ ಕರಗಿದ ಮೇಣವನ್ನು ಮೊಗೆದು, ಮೂತಿಗೆ ಉಫ್ ಎಂದು ಊದಿ, ಬಟ್ಟೆಗೆ ತಾಗಿಯೂ ತಾಗದಂತೆ ಗೆರೆ ಎಳೆಯಬೇಕು. ಬರಿಯ ಮೇಣವಲ್ಲ ಅದು. ಜೇನುಮೇಣಕ್ಕೆ ಪ್ಯಾರಫಿನ್, ಮರದ ರಾಳ ಸೇರಿಸಿರುತ್ತಾರೆ. ರಾಳ ಹಿಡಿದುಕೊಳ್ಳುತ್ತದೆ, ಜೇನುಮೇಣ ಬಾಗುತ್ತದೆ, ಪ್ಯಾರಫಿನ್ ಹೆಚ್ಚಾದರೆ ಬಿರುಕು ಬಿಡುತ್ತದೆ. ನಮ್ಮಲ್ಲಿ ಬಾಟಿಕ್ ಎಂದರೆ ಆ ಬಿರುಕಿನ ಗೆರೆಗಳೇ ಸೊಗಸು ಎನ್ನುತ್ತಾರೆ. ಜಾವಾದ ಒಳ್ಳೆಯ ಕೆಲಸದಲ್ಲಿ ಅದು ದೋಷ.

ಮೇಣ ತಣ್ಣಗಾದರೆ ಮೂತಿ ಕಟ್ಟುತ್ತದೆ, ಬಿಸಿ ಹೆಚ್ಚಾದರೆ ಹರಿದುಹೋಗುತ್ತದೆ. ಕರವಸ್ತ್ರದಷ್ಟು ಬಟ್ಟೆಯಲ್ಲಿ ನಾನು ನಕ್ಷತ್ರ ಬರೆಯಹೊರಟೆ. ಮೂರನೆಯ ಗೆರೆಗೇ ದೊಡ್ಡ ಹನಿ ತೊಟ್ಟಿಕ್ಕಿತು. ಅಳಿಸೋಣವೆಂದರೆ ಅದೇನು ಕಪ್ಪುಹಲಗೆಯೆ? ಸುಮಾರು ಎರಡೂವರೆ ಮೀಟರು ಉದ್ದದ ಬಟ್ಟೆಯನ್ನು ಹೀಗೆ ಚುಕ್ಕೆ ಚುಕ್ಕೆಯಾಗಿ ತುಂಬಬೇಕು. ನಯವಾದ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಹತ್ತೊಂಬತ್ತನೆಯ ಶತಮಾನದ ನಡುವೆ ತಾಮ್ರದ ಅಚ್ಚು ಬಂದು ಕೆಲಸ ಬೇಗ ಸಾಗುವಂತಾಯಿತು. ಅದು ಹೆಚ್ಚಾಗಿ ಗಂಡಸರ ಕೈಯ ಕೆಲಸ.

ಬಣ್ಣದ ತೊಟ್ಟಿಯ ಬಳಿ ಮಾತ್ರ ನಾನು ಮತ್ತೆ ಮೇಷ್ಟ್ರಾದೆ. ನೀಲಿಯ ತೊಟ್ಟಿಯಿಂದ ಎತ್ತಿದ ಬಟ್ಟೆ ಮೊದಲು ಹಸಿರುಹಳದಿ. ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಆಮ್ಲಜನಕದ ಆಟ! ನೀಲಿ ತಣ್ಣೀರಿನಲ್ಲೇ ಹತ್ತುವುದರಿಂದ ಮೇಣ ಕರಗುವ ಭಯವಿಲ್ಲ. ಆಮೇಲೆ ಕಂದು ಬರಬೇಕಾದ ಕಡೆ ಮೇಣ ಕೆರೆದು, ನೀಲಿ ಉಳಿಯಬೇಕಾದ ಕಡೆ ಮೇಣ ಮುಚ್ಚಿ, 'ಸೋಗ' ಎಂಬ ಕಂದು ಬಣ್ಣದಲ್ಲಿ ಅದ್ದುತ್ತಾರೆ. ಅದಕ್ಕೆ ಬಳಸುವ ತೊಗಟೆಗಳಲ್ಲಿ ಒಂದು ಯಾವುದು ಗೊತ್ತೆ? ಬೆಂಗಳೂರಿನ ರಸ್ತೆಗಳ ಮೇಲೆ ಹಳದಿ ಹೂ ಸುರಿಯುವ ಪೆಲ್ಟೋಫೋರಮ್ ಮರದ್ದು. ಕೊನೆಗೆ ಕುದಿಯುವ ನೀರಿನಲ್ಲಿ ಮೇಣವೆಲ್ಲ ಬಿಟ್ಟು ತೇಲುತ್ತದೆ; ಅದನ್ನು ಕೆನೆಯಂತೆ ತೆಗೆದು ಮತ್ತೆ ಬಳಸುತ್ತಾರೆ.

ಯಾವ ಚಿತ್ತಾರವನ್ನು ಯಾರು ಯಾವಾಗ ಉಡಬೇಕೆಂಬುದಕ್ಕೂ ಕಟ್ಟಳೆಯಿದೆ. ಓರೆಯಾಗಿ ಅಲೆಯಂತೆ ಸಾಗುವ 'ಪಾರಂಗ್' ಹಿಂದೆ ಅರಮನೆಯವರಿಗಷ್ಟೇ ಮೀಸಲು. 2022ರಲ್ಲಿ ಆಗಿನ ಅಧ್ಯಕ್ಷ ಜೋಕೊ ವಿದೊದೊ ಅವರ ಕಿರಿಯ ಮಗನ ಮದುವೆ ಸಮಾರಂಭ ಸೋಲೋ ನಗರದ ಮಂಗ್ಕುನೆಗರನ್ ಅರಮನೆಯಲ್ಲಿ ನಡೆದಾಗಲೂ ಪಾರಂಗ್ ಉಟ್ಟು ಬರಬೇಡಿ ಎಂದು ಅತಿಥಿಗಳಿಗೆ ತಿಳಿಸಿದ್ದರು. ಮದುವೆಯಲ್ಲಿ ವಧೂವರರಿಗೆ 'ಸಿದೊಮುಕ್ತಿ', ಹೆತ್ತವರಿಗೆ ಚುಕ್ಕಿ ಚೆಲ್ಲಿದಂತಿರುವ 'ತ್ರುಂತುಮ್'. ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಮುಂದೆ ನಮ್ಮ ಸೀರೆಯ ನಿರಿಗೆಗಿಂತ ಸಣ್ಣಗೆ ನಿರಿ ಹಿಡಿಯುತ್ತಾರೆ. ಕೂಸನ್ನು ಕಟ್ಟಿಕೊಳ್ಳುವ ಜೋಳಿಗೆಯೂ ಬಾಟಿಕ್, ಹೆಣಕ್ಕೆ ಹೊದಿಸುವುದೂ ಬಾಟಿಕ್. ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2009ರ ಅಕ್ಟೋಬರ್ 2ರಂದು. ನಮ್ಮ ಗಾಂಧಿ ಜಯಂತಿ ಅವರಿಗೆ ಬಾಟಿಕ್ ದಿನ.

ನನ್ನಾಕೆಯ ಕಣ್ಣು ಒಂದು ತ್ರುಂತುಮ್ ಮೇಲೆ ಬಿತ್ತು. ಬೆಲೆ ಹನ್ನೆರಡು ಲಕ್ಷ ಎಂದಾಗ ಎದೆ ಧಸಕ್ಕೆಂದಿತು. ಅಲ್ಲಿನ ರುಪಿಯಾ ಲೆಕ್ಕ. ನಮ್ಮ ಹಣದಲ್ಲಿ ಆರು ಸಾವಿರದ ಚಿಲ್ಲರೆ. ಅಭ್ಯಾಸಬಲದಿಂದ ಬೆರಳೆತ್ತಿ "ಆರು" ಎಂದೆ. ಇಬು ಉತ್ತರಿಸಲಿಲ್ಲ. ನಾನು ಹನಿ ಚೆಲ್ಲಿದ ಕರವಸ್ತ್ರವನ್ನೇ ಮಡಿಚುತ್ತಾ ಕೂತರು.

ಮೊಳಕಾಲ್ಮೂರಿನ ನೇಕಾರನ ಮಗ ನಾನು. ಸೀರೆ ಹೆಗಲ ಮೇಲೆ ಹಾಕಿಕೊಂಡು ವ್ಯಾಪಾರಿಯ ಮುಂದೆ ಅಪ್ಪ ಹೀಗೇ ಸುಮ್ಮನೆ ನಿಂತದ್ದನ್ನು ಚಿಕ್ಕಂದಿನಲ್ಲಿ ಕಂಡವನು. ಹನ್ನೆರಡನ್ನೂ ಎಣಿಸಿಕೊಟ್ಟೆ.

"ನಿಮ್ಮ ನಂತರ ಇದನ್ನು ಯಾರು ಮಾಡುತ್ತಾರೆ?" ಎಂದು ಮಗಳ ಮೂಲಕ ಕೇಳಿಸಿದೆ. ಇಬುವಿನ ಮುಖ ಅರಳಿತು. ಅವರ ಮಗಳು ಓದಿ ಪಟ್ಟಣದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳಂತೆ. ಈ ಹೊಗೆಯಲ್ಲಿ ಕೂರಬೇಕಿಲ್ಲವಂತೆ. 'ಅಯ್ಯೋ ಪಾಪ' ಎನ್ನಲು ಹೊರಟಿದ್ದ ನಾನು ಬಾಯಿ ಮುಚ್ಚಿಕೊಂಡೆ. ನನಗೆ ಮೇಷ್ಟ್ರ ಕೆಲಸ ಸಿಕ್ಕಿದ ದಿನ ಅಪ್ಪ ಕೇರಿಗೆಲ್ಲ ಸಕ್ಕರೆ ಹಂಚಿದ್ದರು. ಮಗ್ಗ ಮಾರಿದ್ದು ಅದರ ಮರುವರ್ಷ.

ಎರಡನೆಯ ಮಗಳ ಮದುವೆ ಮಾಘದಲ್ಲಿ. ಧಾರೆಯ ಹೊತ್ತಿಗೆ ಆ ತ್ರುಂತುಮ್ ಅನ್ನು ನಾನು ಶಲ್ಯದಂತೆ ಹೊದೆಯಬೇಕೆಂದು ಮನೆಯಲ್ಲಿ ಅಪ್ಪಣೆಯಾಗಿದೆ. ಬೀಗರು ಏನೆಂದುಕೊಳ್ಳುತ್ತಾರೋ, ನೋಡಬೇಕು.