ಗಂಟು ಕಟ್ಟುವ ಕೆಲಸ

ಬೇಸಿಗೆ ರಜೆ ಬಂತೆಂದರೆ ನಮ್ಮಂಥ ಟೀಚರಮ್ಮಗಳಿಗೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಂಬ ಇನ್ನೊಂದು ಶಾಲೆ ಶುರುವಾಗುತ್ತದೆ. 2023ರ ಏಪ್ರಿಲ್‌ನಲ್ಲಿ ನಾನು ಮಾವಿನಕಾಯಿ ಹೆಚ್ಚುತ್ತಾ ಕೂತಿದ್ದಾಗಲೇ ಮಗಳು ಬೆಂಗಳೂರಿನಿಂದ ಎರಡು ಸೂಟ್‌ಕೇಸು ಹೊತ್ತು ಬಂದಿಳಿದಳು. ಕಂಪನಿಯವರು ಜನ ಕಡಿಮೆ ಮಾಡಿದ್ದರು. ಆ ಜನರಲ್ಲಿ ಇವಳೂ ಒಬ್ಬಳು. ‘ಸ್ವಲ್ಪ ದಿನ ಇಲ್ಲೇ ಇರ್ತೀನಮ್ಮಾ’ ಎಂದಳು. ನಾನು ‘ಇರು, ಯಾರು ಬೇಡ ಅಂದ್ರು’ ಎಂದೆ. ಆದರೆ ತಿಪಟೂರಿನಂಥ ಊರಿನಲ್ಲಿ ಮದುವೆಯಾಗದ ಮಗಳು ತಿಂಗಳುಗಟ್ಟಲೆ ಮನೆಯಲ್ಲಿದ್ದರೆ ಕೇಳುವವರು ಎಷ್ಟು ಜನ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವಳೋ ಬೆಳಗಾದರೆ ಲ್ಯಾಪ್‌ಟಾಪಿನ ಮುಂದೆ. ಸಂಬಳವಿಲ್ಲ, ಸಾಹೇಬನಿಲ್ಲ, ಆದರೂ ರಾತ್ರಿ ಹನ್ನೊಂದರವರೆಗೆ ಟಕಟಕ. ಒಂದು ದಿನ ತಡೆಯಲಾರದೆ, ‘ಕೆಲಸವಿಲ್ಲದ ಬಡಗಿ...’ ಎಂದುಬಿಟ್ಟೆ. ಗಾದೆಯ ಉಳಿದರ್ಧ ನಿಮಗೆ ಗೊತ್ತೇ ಇದೆ. ಅವಳಿಗೂ ಗೊತ್ತಿತ್ತು. ಊಟ ಬಿಟ್ಟು ಎದ್ದುಹೋದಳು.

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಹಾಲಿಗೆ ಬೋರ್ನ್‌ವಿಟಾ ಹಾಕಿ ತೆಗೆದುಕೊಂಡು ಹೋಗಿ, ‘ಏನೇ ಅದು, ನನಗೂ ಹೇಳು’ ಎಂದು ಪಕ್ಕದಲ್ಲಿ ಕೂತೆ. ಅವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ, ‘ಕನ್ನಡ ಅನ್ನೋ ಪದದಲ್ಲಿ ಎಷ್ಟು ಅಕ್ಷರ ಇದೆ ಹೇಳು’ ಎಂದಳು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಇದೆಂಥ ಪ್ರಶ್ನೆ! ಮೂರು ಎಂದೆ. ‘ಜಾವಾಸ್ಕ್ರಿಪ್ಟಿಗೆ ಐದು’ ಎಂದು ನಕ್ಕಳು. ಕ, ನ, ಅರ್ಧಾಕ್ಷರದ ಕೊಂಡಿ, ಮತ್ತೆ ನ, ಡ. ‘ಸ್ತ್ರೀ’ ಎಂದರೆ ಆರಂತೆ! ಒಂದೇ ಅಕ್ಷರದ ಸ್ತ್ರೀಯನ್ನು ಆರು ತುಂಡು ಮಾಡುವ ಈ ಭಾಷೆಯನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬಾತ ಹತ್ತೇ ದಿನದಲ್ಲಿ ರಚಿಸಿದನೆಂದು ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ. ಅವಸರದ ಅಡುಗೆ.

ಮಗಳು ಮಾಡುತ್ತಿದ್ದುದು ಇದಕ್ಕೇ ಪರಿಹಾರ. ಪದವನ್ನು ನಾವು ಎಣಿಸುವ ಹಾಗೆ ಅಕ್ಷರಗಳಾಗಿ ಬಿಡಿಸಿ, ಲಘು ಗುರು ಗುರುತು ಹಾಕುವ ಒಂದು ಲೈಬ್ರರಿ. ಲೈಬ್ರರಿ ಎಂದರೆ ಪುಸ್ತಕದ ಬೀರು ಅಲ್ಲ; ಬೇರೆ ಪ್ರೋಗ್ರಾಂ ಬರೆಯುವವರು ತಂದು ಬಳಸಿಕೊಳ್ಳಬಹುದಾದ ಸಿದ್ಧ ಸಾಮಾನು. ‘ಇಷ್ಟು ಚಿಕ್ಕದನ್ನು ಯಾರು ತಗೋತಾರೆ?’ ಎಂದೆ. ಅದಕ್ಕವಳು ಲೆಫ್ಟ್‌ಪ್ಯಾಡ್ ಎಂಬುದರ ಕಥೆ ಹೇಳಿದಳು. ಬರೀ 11 ಸಾಲಿನ ಲೈಬ್ರರಿ. 2016ರ ಮಾರ್ಚ್‌ನಲ್ಲಿ ಅದನ್ನು ಬರೆದವನು ಸಿಟ್ಟಾಗಿ ವಾಪಸು ತೆಗೆದುಕೊಂಡಾಗ, ಅದನ್ನೇ ನಂಬಿದ್ದ ಸಾವಿರಾರು ಕಡೆ ಕೆಲಸ ನಿಂತುಹೋಯಿತಂತೆ. ಸಾಸಿವೆ ಮುಗಿದ ದಿನ ನಮ್ಮ ಒಗ್ಗರಣೆ ನಿಲ್ಲುವುದಿಲ್ಲವೆ, ಹಾಗೆ.

ಬರೆಯುವುದು ಒಂದು ಕೆಲಸವಾದರೆ ಅದನ್ನು ಗಂಟು ಕಟ್ಟಿ ಕಳಿಸುವುದು ಇನ್ನೊಂದು. ಅದಕ್ಕೆ ವೀಟ್ ಎಂಬ ಸಾಧನ. ಇವಾನ್ ಯೂ ಎಂಬಾತ 2020ರಲ್ಲಿ ಹೊರತಂದದ್ದು. ಫ್ರೆಂಚಿನಲ್ಲಿ ಹಾಗೆಂದರೆ ‘ಬೇಗ’. ಹತ್ತಾರು ಫೈಲುಗಳನ್ನು ಸೇರಿಸಿ ಒಂದೆರಡು ಫೈಲು ಮಾಡಿಕೊಡುತ್ತದೆ. ಗಂಟಿನ ಬಾಯಿ ಯಾವ ಫೈಲು, ಹೆಸರೇನು, ಯಾವ ಯಾವ ರೂಪದಲ್ಲಿ ಬೇಕು, ಇಷ್ಟನ್ನು ಒಂದು ಸೂಚನಾಪಟ್ಟಿಯಲ್ಲಿ ಬರೆದಿಡಬೇಕು. ಗಂಟಿನಲ್ಲಿ ಏನು ಇಡಬಾರದು ಎಂಬುದನ್ನೂ ಬರೆಯಬೇಕಂತೆ. ಅವಳು ಗುರುತು ಹಾಕಿದ ಪದ್ಯವನ್ನು ಪರದೆಯ ಮೇಲೆ ತೋರಿಸುವುದಕ್ಕೆ ರಿಯಾಕ್ಟ್ ಎಂಬುದನ್ನು ಬಳಸಿದ್ದಳು. ಅದನ್ನೂ ಸೇರಿಸಿ ಕಟ್ಟಿದರೆ, ತೆಗೆದುಕೊಂಡವರ ಹತ್ತಿರ ಮೊದಲೇ ಇರುವ ರಿಯಾಕ್ಟಿನ ಜೊತೆ ಇದಕ್ಕೆ ಜಗಳ. ‘ಒಂದು ಅಡುಗೆಮನೆಗೆ ಇಬ್ಬರು ಅತ್ತೆಯರು’ ಎಂದೆ. ‘ಹೂಂ, ಅದೇ. ಉಪ್ಪಿನಕಾಯಿ ಕಳಿಸೋವಾಗ ಅನ್ನ ಕಳಿಸಬಾರದು’ ಎಂದಳು. ನನ್ನ ಮಗಳೇ ಸರಿ!

ಇದರ ಜೊತೆಗೆ ಪ್ಲಗಿನ್. ಮಿಕ್ಸಿಗೆ ಚಟ್ನಿ ಜಾರು ಇದ್ದ ಹಾಗೆ. ಮೋಟಾರು ಅದೇ, ಕೂರಿಸಿದ ಜಾರಿನ ಮೇಲೆ ಕೆಲಸ. ಅವಳು ಕೂರಿಸಿದ ಡಿಟಿಎಸ್ ಪ್ಲಗಿನ್ನಿನ ಕೆಲಸ ಗಂಟಿಗೆ ವಿವರಚೀಟಿ ಬರೆಯುವುದು. ಈ ಕ್ರಿಯೆಗೆ ಏನು ಕೊಡಬೇಕು, ಅದು ತಿರುಗಿ ಏನು ಕೊಡುತ್ತದೆ ಎಂಬ ಚೀಟಿ. ಚೀಟಿಯಿಲ್ಲದಿದ್ದರೂ ಗಂಟು ಕೆಲಸ ಮಾಡುತ್ತದೆ. ಆದರೆ ಟೈಪ್‌ಸ್ಕ್ರಿಪ್ಟ್ ಬಳಸುವವರು ಮುಟ್ಟುವುದಿಲ್ಲ. ಹೆಸರಿಲ್ಲದ ಬಾಟಲಿಯ ಪುಡಿಯನ್ನು ಸಾರಿಗೆ ಹಾಕಲು ನಾವೂ ಹಿಂದೆಮುಂದೆ ನೋಡುತ್ತೇವಷ್ಟೆ.

ಆವತ್ತಿನಿಂದ ನಾನೂ ಅವಳ ಪಾಲುದಾರಳಾದೆ. ಲಘು ಗುರು ನನ್ನ ರಾಜ್ಯ. ಒತ್ತಕ್ಷರದ ಹಿಂದಿನದು ಗುರು ಎಂದು ಅವಳು ಕಣ್ಣುಮುಚ್ಚಿ ಬರೆದಿದ್ದಳು. ‘ಶಿಥಿಲದ್ವಿತ್ವ ಮರೆತೆಯಾ?’ ಎಂದೆ. ಹಳಗನ್ನಡದಲ್ಲಿ ಕೆಲವು ಒತ್ತಕ್ಷರಗಳನ್ನು ತೇಲಿಸಿ ಉಚ್ಚರಿಸುವಾಗ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ‘ಅದು ಮೆಷಿನ್ನಿಗೆ ಹೇಗೆ ಗೊತ್ತಾಗ್ಬೇಕು?’ ‘ಗೊತ್ತಾಗಲ್ಲ. ಓದೋರಿಗೆ ಗೊತ್ತಾಗುತ್ತೆ.’ ಕೊನೆಗೆ ಅದನ್ನು ಬಳಸುವವರ ಆಯ್ಕೆಗೇ ಬಿಟ್ಟಳು. ನೂರು ಪದ ಬರೆದು, ಗುರುತು ಹಾಕಿಕೊಟ್ಟೆ, ಪರೀಕ್ಷೆಗೆ. ಅವಳು ಅದನ್ನು ಬೇರೆ ಫೋಲ್ಡರಿನಲ್ಲಿ ಜೋಪಾನವಾಗಿ ಇಟ್ಟಳು.

ಜೂನ್‌ನಲ್ಲಿ ಒಂದು ಕಂಪನಿಯವರು, ‘ನೀವು ಮಾಡಿದ್ದು ಏನಾದರೂ ಇದ್ದರೆ ತೋರಿಸಿ’ ಎಂದರು. ಇವಳು ಲೈಬ್ರರಿಯನ್ನು ಹೊರಗೆ ಬಿಟ್ಟು ವಿಳಾಸ ಕಳಿಸಿದಳು. ಮಾರನೆಯ ದಿನ ಅಲ್ಲಿಂದ ಒಂದೇ ಸಾಲಿನ ಉತ್ತರ: ವಿವರಚೀಟಿ ಸಿಗುತ್ತಿಲ್ಲ. ಮಗಳ ಮುಖ ಬಿಳಿಚಿತು. ಪ್ಲಗಿನ್ ಇತ್ತು, ಯಾವ ತಪ್ಪೂ ತೋರಿಸದೆ ಕಟ್ಟಿಯೂ ಮುಗಿಸಿತ್ತು. ಸಂಜೆಯವರೆಗೆ ಹುಡುಕಿದಳು. ಪ್ಲಗಿನ್ನನ್ನು ತೆಗೆದು ಹಾಕಿದಳು, ಹಾಕಿ ತೆಗೆದಳು. ‘ನನ್ ಕೈಲಿ ಆಗಲ್ಲಮ್ಮ, ಅವ್ರು ನನ್ನ ತೆಗೆದದ್ದೇ ಸರಿ’ ಎಂದು ಅತ್ತುಬಿಟ್ಟಳು. ಇಷ್ಟು ದಿನ ಅವಳು ಆ ಮಾತು ಆಡಿರಲಿಲ್ಲ. ಎದೆಯೊಳಗೆ ಇಟ್ಟುಕೊಂಡೇ ಓಡಾಡುತ್ತಿದ್ದಳೆಂದು ನನಗೆ ಆಗ ತಿಳಿಯಿತು. ನನ್ನ ಗಾದೆ ನೆನಪಾಗಿ ನಾಚಿಕೆಯಾಯಿತು.

ನನಗೆ ಕಂಪ್ಯೂಟರು ಬರುವುದಿಲ್ಲ. ಆದರೆ ಲೆಕ್ಕ ತಪ್ಪಿಸಿಕೊಂಡು ಅಳುವ ಮಕ್ಕಳನ್ನು ಎಷ್ಟು ನೋಡಿಲ್ಲ! ‘ಮೊದಲು ಸರಿಯಾಗಿತ್ತಾ?’ ಎಂದೆ. ‘ಇತ್ತು, ಮೇ ತಿಂಗಳಲ್ಲಿ ನೋಡಿದ್ದೆ.’ ‘ಆಮೇಲೆ ಏನು ಹೊಸದಾಗಿ ಸೇರಿಸಿದೆ?’ ಅವಳು ಮೂಗು ಒರೆಸಿಕೊಳ್ಳುತ್ತಾ, ‘ಏನಿಲ್ಲ, ನಿನ್ನ ನೂರು ಪದ’ ಎಂದವಳು ಹಾಗೇ ನಿಂತಳು. ಆಮೇಲೆ ಜೋರಾಗಿ, ‘ಅಯ್ಯೋ, ಅಮ್ಮಾ!’

ಆದದ್ದಿಷ್ಟು. ಆ ಪ್ಲಗಿನ್ ತನ್ನ ಲೆಕ್ಕಕ್ಕೆ ಬಂದ ಎಲ್ಲ ಫೈಲುಗಳಿಗೂ ಸಮಾನವಾದ ಫೋಲ್ಡರ್ ಯಾವುದೆಂದು ನೋಡಿ, ಅಲ್ಲಿಂದ ದಾರಿ ಎಣಿಸುತ್ತದೆ. ಮೊದಲು ಎಲ್ಲವೂ ‘ಸೋರ್ಸ್’ ಎಂಬ ಒಂದೇ ಫೋಲ್ಡರಿನಲ್ಲಿದ್ದವು. ಚೀಟಿ ಗಂಟಿನ ಬಾಗಿಲಲ್ಲೇ ಬೀಳುತ್ತಿತ್ತು. ನನ್ನ ಪದಗಳಿಗೆಂದು ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ಮಾಡಿ, ಅದನ್ನೂ ಟೈಪ್‌ಸ್ಕ್ರಿಪ್ಟಿನ ಪಟ್ಟಿಗೆ ಸೇರಿಸಿದ್ದಳು. ಎರಡಕ್ಕೂ ಸಮಾನವಾದದ್ದು ಒಂದು ಮೆಟ್ಟಿಲು ಮೇಲೆ. ಹೀಗಾಗಿ ಚೀಟಿ ಹೊಸ ‘ಸೋರ್ಸ್’ ಕೋಣೆಯೊಂದನ್ನು ಮಾಡಿಕೊಂಡು ಒಳಗೆ ಹೋಗಿ ಕೂತಿತ್ತು. ಹುಡುಕುವವರು ಹಳೆಯ ವಿಳಾಸಕ್ಕೇ ಬಂದು ಬಾಗಿಲು ತಟ್ಟುತ್ತಿದ್ದರು. ಪ್ಲಗಿನ್ನಿಗೆ ‘ಎಂಟ್ರಿರೂಟ್’ ಎಂದು ಒಂದು ಸಾಲು, ‘ಇಷ್ಟನ್ನೇ ನೋಡು’ ಎಂದು ಇನ್ನೊಂದು ಸಾಲು ಬರೆದಳು. ಸರಿಹೋಯಿತು. ಎರಡು ಸಾಲಿಗೆ ಒಂದು ಹಗಲು, ಒಂದು ಅಳು!

ಈ ಸಲ ಕಳಿಸುವ ಮೊದಲು ಗಂಟನ್ನು ತನ್ನದೇ ಇನ್ನೊಂದು ಖಾಲಿ ಪ್ರೋಗ್ರಾಮಿಗೆ ಹಾಕಿಸಿ ನೋಡಿದಳು. ಅದನ್ನು ಮೊದಲೇ ಮಾಡಬಾರದಿತ್ತೇ ಎಂದು ನನಗೆ ಬಾಯಿಗೆ ಬಂತು. ನುಂಗಿಕೊಂಡೆ.

ಮಾರನೆಯ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದಾಗ ಎದುರುಮನೆಯಾಕೆ, ‘ಮಗಳು ಬಂದು ಎರಡು ತಿಂಗಳಾಯ್ತಲ್ವಾ ಟೀಚರೇ, ಏನ್ಮಾಡ್ತಿದಾಳೆ?’ ಎಂದರು. ‘ಗಂಟು ಕಟ್ತಿದಾಳೆ’ ಎಂದೆ. ‘ಓ, ಹಾಗಾದ್ರೆ ಹೊರಡ್ತಾಳೆ ಅನ್ನಿ’ ಎಂದು ಒಳಗೆ ಹೋದರು.

ಹೊರಟದ್ದು ಆಗಸ್ಟಿನಲ್ಲಿ, ಕೆಲಸ ಸಿಕ್ಕಿದ್ದು ಆ ಕಂಪನಿಯಲ್ಲಲ್ಲ, ಬೇರೆ ಕಡೆ. ಬಸ್‌ಸ್ಟ್ಯಾಂಡಿನಲ್ಲಿ ಉಪ್ಪಿನಕಾಯಿ ಬಾಟಲಿ ಕೈಗಿತ್ತಾಗ ತಿರುಗಿಸಿ ನೋಡಿ, ‘ಚೀಟಿ ಎಲ್ಲಮ್ಮಾ?’ ಎಂದಳು. ಪರ್ಸಿನಿಂದ ಪೆನ್ನು ತೆಗೆದೆ. ಬಸ್ಸು ಹೊರಟೇಬಿಟ್ಟಿತು.